ಮೂಲೆಗೆ ಎರಡು ಗೆರೆ

ಮೇ 27, ಸೋಮವಾರ. ಮಳೆ 35 ಸೆಂಟ್ಸ್ (ಇಂಚಿಗೆ ನೂರು).

ಬೇಲಿ ಸಾಲುವುದಿಲ್ಲ ಎಂಬ ಕಥೆಯನ್ನು ಮೊದಲು ಹೇಳಿದವಳು ರೌಶನ್ ಬೀ. ಹೇಳಿದ್ದು ಇವತ್ತು ಬೆಳಗ್ಗೆ ಏಳೂವರೆಗೆ, ಹಾಲು ಅಳೆಯುವ ಕಟ್ಟೆಯ ಹತ್ತಿರ, ಅರ್ಧ ಊರಿನ ಎದುರಿಗೆ. ಬಟ್ಟೆ ಹೊಲಿಯುವ ಹೆಂಗಸಿಗೆ ಬೇಲಿಯ ಉಸಾಬರಿ ಏಕೆ? ತಂತಿ ಎಳೆಯಲು ಮೂಡಿಗೆರೆಯಿಂದ ಬರುವ ನಿಯಾಜ್ ಗೇಟಿನಿಂದ ಶುರು ಮಾಡಿ ಕೆಳಗಿನ ಹಳ್ಳದವರೆಗೆ ಮುಗಿಸಿದ್ದಾನೆ. ಉಳಿದ ಸುರುಳಿಗಳನ್ನು ಅವಳು ನಿಂತಲ್ಲಿಂದಲೇ ನೋಡಿ, "ರೈಟರೇ, ಈ ಲೇಸು ನಮ್ಮ ಮನೆ ತನಕ ಬರಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಏಕೆಂದರೆ ಲೆಕ್ಕ ನನ್ನದು. ನಮ್ಮ ಊರು ಮೇಲ್ಪಾಲಿನ ಹನ್ನೊಂದು ಮನೆಗೆ ಆನೆ ತಡೆಯುವ ಸೋಲಾರ್ ಬೇಲಿ ಮಂಜೂರಾದಾಗ, ಸುತ್ತಳತೆ ಎಷ್ಟು ಎಂದು ಅರ್ಜಿಯಲ್ಲಿ ಬರೆಯಬೇಕಿತ್ತು. ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿ ಗಿಡ ಎಣಿಸಿ, ಆಳು ಎಣಿಸಿ, ಚೀಲ ಎಣಿಸಿದ ಚೌಡಯ್ಯನನ್ನು ಬಿಟ್ಟು ಬೇರೆ ಯಾರ ಹತ್ತಿರ ಹೋಗುತ್ತಾರೆ? ಗ್ರಾಫ್ ಹಾಳೆ ತರಿಸಿದೆ. ಒಂದು ಚೌಕಕ್ಕೆ ಇಪ್ಪತ್ತು ಮೀಟರ್ ಎಂದು ಇಟ್ಟುಕೊಂಡು ಊರಿನ ನಕ್ಷೆ ಬರೆದೆ. ಇದು ಹಳೆಯ ಎಸ್ಟೇಟಿನ ತುಂಡಾದ್ದರಿಂದ ದಾರಿಗಳೆಲ್ಲ ಸ್ಕೇಲ್ ಇಟ್ಟು ಗೀರಿದ ಹಾಗೆ ನೇರ. ಬೇಲಿಯೂ ದಾರಿಯ ಮೇಲೆಯೇ ಹೋಗಬೇಕು. ಇಲ್ಲದಿದ್ದರೆ ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ತಂತಿಗೆ ತಾಗಿ ಕರೆಂಟೆಲ್ಲ ನೆಲಕ್ಕೆ ಇಳಿಯುತ್ತದೆ. ಉದ್ದ ಒಂಬತ್ತು ಚೌಕ, ಅಗಲ ಏಳು. ಕೆಳಗಿನ ಅಂಚಿನ ನಡುವಿನಿಂದ ಹಳ್ಳದ ಕಡೆಗೆ ಎರಡು ಚೌಕ ಅಗಲ, ಎರಡು ಚೌಕ ಉದ್ದದ ಒಂದು ನಾಲಿಗೆ ಚಾಚಿದೆ. ಆ ನಾಲ್ಕು ಚೌಕ ನನ್ನ ಹೊಸ ಕಾಫಿ. ಹೋದ ವರ್ಷ ನೆಟ್ಟಿದ್ದು.

ಅಂಚಿನ ಚೌಕಗಳನ್ನು ಒಂದೊಂದಾಗಿ ಎಣಿಸಿದೆ. ಮೂವತ್ತೆರಡು. ಅಂದರೆ ಆರುನೂರ ನಲವತ್ತು ಮೀಟರ್. ಅಷ್ಟಕ್ಕೇ ಕಂಬ, ತಂತಿ ಬಂದಿದೆ. ಒಂದು ಊರಿಗೆ ಒಂದೇ ಸಲ. ಇನ್ನೊಮ್ಮೆ ಕೇಳುವ ಹಾಗಿಲ್ಲ.

ಇವತ್ತು ಮತ್ತೆ ಎಣಿಸಿದೆ. ಮೂವತ್ತೆರಡು.

ಮೇ 28, ಮಂಗಳವಾರ. ಮಳೆ ಇಲ್ಲ.

ಎಡದಿಂದ ಎಣಿಸಿದೆ, ಬಲದಿಂದ ಎಣಿಸಿದೆ. ಪ್ರತಿ ಚೌಕದಲ್ಲೂ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಎಣಿಸಿದೆ. ಮೂವತ್ತೆರಡು. ಹೆಂಡತಿ ನಂಜಮ್ಮ ಕಾಫಿ ತಂದಿಟ್ಟು, ಎಷ್ಟು ಸಲ ಎಣಿಸಿದರೂ ಕೋಳಿ ಇಟ್ಟಷ್ಟೇ ಮೊಟ್ಟೆ ಅಲ್ಲವೇ ಎಂದು ಹೇಳಿ ಹೋದಳು. ಇವಳಿಗೂ ಇವತ್ತೇ ಮಾತು ಬರಬೇಕಿತ್ತು.

ಮೇ 30, ಗುರುವಾರ. ಮಳೆ 1 ಇಂಚು 10 ಸೆಂಟ್ಸ್.

ತಂತಿ ಮುಗಿಯಿತು. ಬೇಲಿ ಮುಗಿಯಲಿಲ್ಲ.

ಮೇಲಿನ ಮೂಲೆಯಲ್ಲಿ, ಸರಿಯಾಗಿ ರೌಶನ್ ಬೀ ಮನೆಯ ಸುತ್ತ, ಎಂಬತ್ತು ಮೀಟರ್ ಬಾಯಿ ತೆರೆದುಕೊಂಡು ನಿಂತಿದೆ. ಎರಡು ಎಳೆಯ ಬೇಲಿ ಇದು. ಉಳಿದ ಕಡೆ ಒಂದೊಂದು ಎಳೆ ಬಿಚ್ಚಿ ಇಲ್ಲಿಗೆ ತಂದರೆ ಆಗದೇ ಎಂದು ಯಾರೋ ಕೇಳಿದ್ದಕ್ಕೆ ನಿಯಾಜ್, ಒಂದೆಳೆ ನೋಡಿದರೆ ಆನೆ ಬಟ್ಟೆ ಒಣಗಿಸುವ ಹಗ್ಗ ಅಂದುಕೊಳ್ಳುತ್ತದೆ ಎಂದ.

ಬೇಲಿ ಸಮಿತಿಯ ಅಧ್ಯಕ್ಷರು ಶಾಂತವೀರಪ್ಪನವರು. ನನ್ನ ಗ್ರಾಫ್ ಹಾಳೆಯನ್ನು ಎಲ್ಲರ ಮುಂದೆ ಬಿಡಿಸಿ ಹಿಡಿದರು. "ರೈಟರ ಲೆಕ್ಕ ತಪ್ಪಲ್ಲ. ಇವರು ಎಸ್ಟೇಟಿನಲ್ಲಿ ಒಂದು ಕಾಳಿನ ಲೆಕ್ಕ ಬಿಟ್ಟವರಲ್ಲ. ಕಡಿಮೆ ಆಗಿದ್ದು ಲೆಕ್ಕ ಅಲ್ಲ ಮಾರಾಯ, ತಂತಿ" ಎಂದು ನಿಯಾಜನ ಕಡೆಗೆ ತಿರುಗಿದರು. ಒಂದು ಸುರುಳಿ ದಾರಿಯಲ್ಲಿ ಎಲ್ಲಿ ಇಳಿಯಿತು ಎಂದು ಕೇಳಿದರು. ನಿಯಾಜ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ. ಮಾರಿಕೊಂಡು ತಿನ್ನುವವನಾಗಿದ್ದರೆ ಈ ಮಳೆಯಲ್ಲಿ ಯಾಕೆ ನೆನೆಯುತ್ತಿದ್ದೆ ಸಾರ್ ಎಂದು ಅವರನ್ನೇ ಕೇಳಿದ.

ನನ್ನ ಲೆಕ್ಕದ ಬಗ್ಗೆ ಅಧ್ಯಕ್ಷರು ಹೇಳಿದ್ದು ಕೇಳಿ ಸಮಾಧಾನವಾಯಿತು. ಸುಳ್ಳು ಏಕೆ ಬರೆಯಲಿ, ಖುಷಿಯೇ ಆಯಿತು.

ಜೂನ್ 1, ಶನಿವಾರ. ಮಳೆ 60 ಸೆಂಟ್ಸ್.

ತಂತಿಯವನ ಕಳ್ಳತನವನ್ನು ಅಳತೆಯಲ್ಲೇ ಹಿಡಿಯೋಣ ಎಂದು ಬೆಳಗ್ಗೆಯೇ ಟೇಪು ತೆಗೆದುಕೊಂಡು ಹೊರಟೆ. ನಂಜಮ್ಮ ಒಂದು ತುದಿ ಹಿಡಿದಳು. ಎಳೆದಿರುವ ಬೇಲಿಯನ್ನು ಕಂಬದಿಂದ ಕಂಬಕ್ಕೆ ಅಳೆದುಕೊಂಡು ಬಂದೆವು. ಅವನು ಸುರುಳಿ ಕದ್ದಿದ್ದರೆ ಐನೂರ ಅರವತ್ತು ಬರಬೇಕು.

ಆರುನೂರ ನಲವತ್ತು ಬಂತು.

ಇನ್ನೂ ಎಂಬತ್ತು ಮೀಟರ್ ಬಾಯಿ ಹಾಗೆಯೇ ಇದೆ. ಬಂದ ತಂತಿಯೆಲ್ಲ ಬೇಲಿಯ ಮೇಲಿದೆ. ಹಾಗಾದರೆ? ಟೇಪು ಹಳೆಯದು. ಮಳೆಯಲ್ಲಿ ನೆಂದ ಟೇಪನ್ನು ನಂಬುವ ಹಾಗಿಲ್ಲ. ಈ ವಿಷಯ ಯಾರಿಗೂ ಹೇಳಬೇಡ ಎಂದು ನಂಜಮ್ಮನಿಗೆ ಹೇಳಿದೆ. ಯಾವ ವಿಷಯ ಎಂದಳು. ಟೇಪು ಹಾಳಾಗಿರುವ ವಿಷಯ ಎಂದೆ. ಅವಳು ನನ್ನ ಮುಖ ನೋಡಿ ಟೇಪನ್ನು ಸುತ್ತಿಟ್ಟಳು.

ಜೂನ್ 3, ಸೋಮವಾರ. ಮಳೆ 1 ಇಂಚು 45 ಸೆಂಟ್ಸ್.

ಸಮುದಾಯ ಭವನದಲ್ಲಿ ಸಭೆ. ಶಾಂತವೀರಪ್ಪನವರು ದಾರಿ ಕಂಡುಹಿಡಿದಿದ್ದಾರೆ. ರೌಶನ್ ಬೀ ಮನೆಯಿರುವ ಮೂಲೆಯನ್ನು, ಅಂದರೆ ಎರಡಕ್ಕೆ ಎರಡು ಚೌಕ, ಬೇಲಿಯ ಹೊರಗೆ ಬಿಟ್ಟುಬಿಡುವುದು. ಒಂದೇ ಮನೆ. ಆನೆ ಇಳಿಯುವ ಈ ಎರಡು ತಿಂಗಳು ಅವಳೂ ಮಗಳು ಜಿಕ್ರಾಳೂ ರಾತ್ರಿ ಭವನದಲ್ಲಿ ಮಲಗಲಿ. ಜಾಗ ಕಡಿಮೆಯಾದರೆ ಬೇಲಿಯೂ ಕಡಿಮೆಯಾಗುತ್ತದೆ. ಎಲ್ಲರಿಗೂ ಸರಿ ಎನಿಸಿತು. ನನಗೂ ಸರಿ ಎನಿಸಿತು. ರೌಶನ್ ಬೀ ಸಭೆಯಲ್ಲಿ ಇರಲಿಲ್ಲ. ಜಿಕ್ರಾ ಕಾಲೇಜಿನಿಂದ ಬರುವ ಹೊತ್ತಿಗೆ ಬಸ್ ನಿಲ್ಲುವಲ್ಲಿಗೆ ಹೋಗಿ ಕರೆದುಕೊಂಡು ಬರುತ್ತಾಳಂತೆ, ಬೇಲಿ ಬಾಯಿ ಬಿಟ್ಟ ದಿನದಿಂದ.

ಹೊಸ ಗೆರೆ ಎಳೆದು ಕೊಡುವುದು ನನ್ನ ಕೆಲಸ. ಮೂಲೆ ಅಳಿಸಿ, ಒಳಗಿನಿಂದ ಗೆರೆ ಎಳೆದು, ಅಂಚಿನ ಚೌಕ ಎಣಿಸಿದೆ. ಮೂವತ್ತೆರಡು.

ಮತ್ತೆ ಎಣಿಸಿದೆ. ಮೂವತ್ತೆರಡು. ನಾಲ್ಕು ಚೌಕ ಜಾಗ ಹೋಗಿದೆ, ಬೇಲಿಯಲ್ಲಿ ಒಂದು ಚೌಕವೂ ಉಳಿತಾಯವಾಗಿಲ್ಲ. ಒಂದೇ ಚೌಕ ಕತ್ತರಿಸಿ ನೋಡಿದೆ. ಮೂವತ್ತೆರಡು. ಸಿಟ್ಟು ಬಂದು ಮೂರಕ್ಕೆ ಮೂರು ಕತ್ತರಿಸಿದೆ, ಪಕ್ಕದ ಮನೆಯ ದನದ ಕೊಟ್ಟಿಗೆಯೂ ಹೊರಗೆ ಹೋಯಿತು. ಮೂವತ್ತೆರಡು. ಏನು ಮಾಟವೋ ಇದು. ರಬ್ಬರು ಸವೆದು ಹಾಳೆ ತೂತಾಯಿತು. ಆ ತೂತು ಸರಿಯಾಗಿ ರೌಶನ್ ಬೀ ಮನೆಯ ಮೇಲೆ ಬಿದ್ದಿದೆ.

ಜೂನ್ 5, ಬುಧವಾರ. ಮಳೆ 90 ಸೆಂಟ್ಸ್.

ಬೆಳಗ್ಗೆ ಐದೂವರೆಗೆ ಆನೆ ಆ ಬಾಯಿಯಿಂದಲೇ ಒಳಗೆ ಬಂದು ರೌಶನ್ ಬೀ ಅಂಗಳದಲ್ಲಿ ನಿಂತಿತ್ತು. ಬಾಳೆ ಎಳೆದು ತಿಂದು, ಮೆಷಿನ್ ಇಟ್ಟಿರುವ ಚಾವಡಿಯ ಶೀಟು ಒತ್ತಿ ಮುರಿದು ಹೊರಟುಹೋಯಿತು. ತಾಯಿ ಮಗಳು ಒಳಗಿನ ಕೋಣೆಯಲ್ಲಿ ಮಂಚದ ಕೆಳಗೆ ಸೇರಿಕೊಂಡಿದ್ದರಂತೆ. ಪಟಾಕಿ ಹಿಡಿದು ಓಡಿದವರು ನಿಯಾಜ್ ಮತ್ತು ಇಬ್ಬರು. ಎರಡು ದಿನದಿಂದ ಅವನು ಭವನದಲ್ಲೇ ಮಲಗುತ್ತಿದ್ದ. ಬಾಯಿ ಮುಚ್ಚದೆ ಹೋದರೆ ಕಳ್ಳ ಎಂಬ ಹೆಸರೂ ತನ್ನ ಜೊತೆಗೇ ಬರುತ್ತದೆ ಎಂದನಂತೆ.

ನಾನು ಆಗ ಟೇಬಲ್ ಮುಂದೆ ಕೂತಿದ್ದೆ. ಹೊಸ ಹಾಳೆಯಲ್ಲಿ ಎಣಿಸುತ್ತಿದ್ದೆ.

ಜೂನ್ 6, ಗುರುವಾರ.

ಅಧ್ಯಕ್ಷರು ಹೇಳಿದ ಒಪ್ಪಿಗೆ ಪತ್ರವನ್ನು ನನ್ನ ದುಂಡು ಅಕ್ಷರದಲ್ಲಿ ಬರೆದು ರೌಶನ್ ಬೀ ಸಹಿಗೆ ಒಯ್ದೆ. ನನ್ನ ಮನೆಯನ್ನು ಬೇಲಿಯ ಹೊರಗೆ ಬಿಡಲು ನನ್ನ ತಕರಾರಿಲ್ಲ, ಇತ್ಯಾದಿ. ಮುರಿದ ಶೀಟಿಗೆ ಟಾರ್ಪಾಲು ಕಟ್ಟಿಕೊಂಡು ಅವಳು ಮೆಷಿನ್ ಮುಂದೆ ಕೂತಿದ್ದಳು. ಯಾವುದೋ ಹೋಂಸ್ಟೇಯ ಮೇಜಿನ ಬಟ್ಟೆ, ಚೌಕಳಿ ಚೌಕಳಿ, ಅದರ ಸುತ್ತ ಬಿಳಿ ಲೇಸು.

ಪತ್ರ ಓದಿದಳು. ಓದಿದ ಕೂಡಲೇ ಸಹಿ ಮಾಡಿ ಕೊಟ್ಟಳು. ನಾನು ಎರಡು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ, ಹೇಳಲು ಜಾಗವೇ ಸಿಗಲಿಲ್ಲ. ಆಮೇಲೆ ಕೇಳಿದಳು: "ನಮ್ಮನ್ನ ಬಿಟ್ರೆ ಎಷ್ಟು ತಂತಿ ಉಳೀತದೆ ಅಣ್ಣ?"

ನನಗೆ ಗೊತ್ತಾಗುತ್ತಿಲ್ಲ ಎಂದೆ. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ. ಹಾಳೆ ಕೊಡಿ ನೋಡೋಣ ಎಂದು ತೆಗೆದುಕೊಂಡು, ನಾನು ಇಟ್ಟ ಚುಕ್ಕೆಗಳನ್ನೆಲ್ಲ ನೋಡಿದಳು. ಮೂಲೆಯ ಚೌಕದಲ್ಲಿ ಒಂದೇ ಚುಕ್ಕೆ ಏಕೆ ಎಂದಳು. ಮೂಲೆ ಗಿಡವನ್ನು ಒಂದೇ ಸಲ ಎಣಿಸಬೇಕು, ಎರಡು ಸಲ ಎಣಿಸಿದರೆ ಅದು ಕಳ್ಳಲೆಕ್ಕ ಎಂದೆ. ಎಸ್ಟೇಟಿನಲ್ಲಿ ಅಂಚಿನ ಸಾಲಿಗೆ ಗೊಬ್ಬರ ಹಾಕಿಸುವಾಗ ಮೇಸ್ತ್ರಿಗಳು ಮೂಲೆ ಗಿಡವನ್ನು ಈ ಸಾಲಿಗೂ ಆ ಸಾಲಿಗೂ ಸೇರಿಸಿ ಹೇಳುತ್ತಿದ್ದರು. ನಾನು ಒಬ್ಬನೇ ಒಬ್ಬನನ್ನೂ ಬಿಟ್ಟವನಲ್ಲ.

"ಇದು ಗಿಡ ಅಲ್ಲಲ್ಲ ಅಣ್ಣ" ಎಂದಳು. ಕತ್ತರಿ ತೆಗೆದುಕೊಂಡು ಆ ಚೌಕಳಿ ಬಟ್ಟೆಯ ಚೂರಿನಿಂದ ಒಂದೇ ಒಂದು ಚೌಕ ಕತ್ತರಿಸಿ ನನ್ನ ಅಂಗೈ ಮೇಲೆ ಇಟ್ಟಳು. "ಇದರ ಸುತ್ತ ಲೇಸು ಹಾಕಬೇಕು. ನಿಮ್ಮ ಲೆಕ್ಕದಲ್ಲಿ ಎಷ್ಟು?"

ಒಂದು ಎಂದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

"ನಾಲ್ಕು ಬೇಕು. ಲೇಸನ್ನ ಚೌಕದ ಮೇಲೆ ಹಾಕಲ್ಲ, ಗೆರೆ ಮೇಲೆ ಹಾಕೋದು. ಮೂಲೆಗೆ ಯಾವಾಗ್ಲೂ ಎರಡು ಗೆರೆ. ಅಲ್ಲಿ ಜಿಪುಣತನ ಮಾಡಿದ್ರೆ ಕೊನೇಲಿ ಲೇಸು ಸೇರೋದೇ ಇಲ್ಲ."

ಎದ್ದು ಬಂದೆ. ಚಹಾ ಕುಡಿದು ಹೋಗಿ ಎಂದರು ರೌಶನ್ ಬೀ, ಕೇಳಿಸದವನ ಹಾಗೆ ಬಂದುಬಿಟ್ಟೆ.

ಗೆರೆ ಎಣಿಸಿದೆ. ಮೂವತ್ತಾರು. ಏಳುನೂರ ಇಪ್ಪತ್ತು ಮೀಟರ್.

ಜೂನ್ 7, ಶುಕ್ರವಾರ.

ಮೂವತ್ತಾರು.

ಒಬ್ಬ ರೈಟರು ತನ್ನ ಆಯುಷ್ಯವಿಡೀ ತೋಟದ ಒಳಗೆ ನಡೆದುಕೊಂಡು ಎಣಿಸಿದ. ಬೇಲಿ ಇರುವುದು ಹೊರಗೆ. ಒಂದನೇ ತರಗತಿಯ ಮಗು ಕೂಡ ನಗುತ್ತದೆ.

ಸಹಿ ಮಾಡಿದ ಪತ್ರವನ್ನು ಅಧ್ಯಕ್ಷರಿಗೆ ಕೊಡಲಿಲ್ಲ. ಬಚ್ಚಲೊಲೆಗೆ ಹಾಕಿದೆ. ಏನು ಸುಟ್ಟಿದ್ದು ಎಂದು ನಂಜಮ್ಮ ಕೇಳಿದಳು. ನನ್ನ ಅಕ್ಷರ ಎಂದೆ.

ಜೂನ್ 8, ಶನಿವಾರ.

ಗೆರೆಯ ಲೆಕ್ಕ ತಿಳಿದ ಮೇಲೆ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಇದು ಇನ್ನೂ ಕಷ್ಟ. ಬೇಕಾದದ್ದು ಮೂವತ್ತಾರು, ಇರುವುದು ಮೂವತ್ತೆರಡು. ನಾಲ್ಕು ಗೆರೆ ಎಲ್ಲಿ ಕಡಿಮೆ ಮಾಡಲಿ? ಮೂಲೆ ಕತ್ತರಿಸಿದರೆ ಹೊರಗೆ ಹೋದಷ್ಟೇ ಗೆರೆ ಒಳಗೆ ಬರುತ್ತದೆ. ರೌಶನ್ ಬೀ ಮನೆಯನ್ನು ಬಿಟ್ಟರೆ ಆನೆಗೆ ಲಾಭವೇ ಹೊರತು ನಮಗೆ ಒಂದು ಗೇಣೂ ಇಲ್ಲ. ಇದನ್ನು ಒಪ್ಪಿಗೆ ಪತ್ರದಲ್ಲಿ ಬರೆದಿದ್ದೆನಲ್ಲ, ಊರಿನ ಹಿತದೃಷ್ಟಿಯಿಂದ ಎಂದು. ಥೂ.

ಬಲಗಡೆಯಿಂದ ಎರಡು ಪಟ್ಟಿ ತೆಗೆದರೆ ನಾಲ್ಕು ಗೆರೆ ಉಳಿಯುತ್ತದೆ, ಆದರೆ ಮೂರು ಮನೆ ಹೊರಗೆ. ಮೇಲಿನ ಎರಡು ಸಾಲು ತೆಗೆದರೂ ನಾಲ್ಕು, ಆದರೆ ನಾಲ್ಕು ಮನೆ ಹೊರಗೆ. ಮಧ್ಯಾಹ್ನದವರೆಗೆ ಐದು ಹಾಳೆ ಹಾಳು ಮಾಡಿದೆ. ಕೆಳಗಿನ ನಾಲಿಗೆಯ ಕಡೆಗೆ ಪೆನ್ಸಿಲ್ ಹೋಗದ ಹಾಗೆ ನೋಡಿಕೊಂಡೆ. ಕೈಗೆ ಎಲ್ಲ ಗೊತ್ತಿರುತ್ತದೆ.

ಮಧ್ಯಾಹ್ನದ ಮೇಲೆ ನಾಲಿಗೆ ಅಳಿಸಿದೆ. ಇಳಿಯಲು ಎರಡು, ತುದಿಗೆ ಎರಡು, ಏರಲು ಎರಡು. ಆರು ಗೆರೆ ಹೋಯಿತು. ನಾಲಿಗೆಯ ಬುಡ ಮುಚ್ಚಲು ಎರಡು ಬಂತು. ಉಳಿತಾಯ ನಾಲ್ಕು. ಸರಿಯಾಗಿ ಮೂವತ್ತೆರಡು. ಹೊರಗೆ ಹೋಗುವ ಮನೆ ಒಂದೂ ಇಲ್ಲ.

ಹದಿನಾರು ಗುಂಟೆ. ಇನ್ನೊಬ್ಬರ ಗಿಡಗಳನ್ನು ಮೂವತ್ತೊಂದು ವರ್ಷ ಎಣಿಸಿದವನು ತನ್ನದು ಎಂದು ನೆಟ್ಟದ್ದು ಅದೊಂದೇ. ನೂರ ಎಪ್ಪತ್ತು ಗಿಡ. ಒಂದು ಸಲವೂ ಹೂ ಬಿಟ್ಟಿಲ್ಲ. ಆನೆಗೆ ಕಾಫಿ ಬೇಡ ನಿಜ, ಆದರೆ ಅದು ನಡೆದಲ್ಲಿ ಗಿಡ ಉಳಿಯುವುದಿಲ್ಲ.

ಯಾರಿಗೂ ಗೊತ್ತಿಲ್ಲ. ಹಾಳೆ ನನ್ನದು. ತಂತಿಯನ್ನು ನಿಯಾಜ್ ಕದ್ದ ಎಂದು ಊರೇ ನಂಬಿದೆ.

ಎಣಿಸುವುದು ನಿಲ್ಲಿಸಿದ್ದು ನೋಡಿ ಮೈ ಹುಷಾರಿಲ್ಲವೇ ಎಂದು ನಂಜಮ್ಮ ಹಣೆ ಮುಟ್ಟಿ ನೋಡಿದಳು. ಎಲ್ಲ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಲೇ ಎಲ್ಲ ಕೇಳಿದಳು. ನೆಡುವಾಗ ಒಂದೊಂದು ಗುಂಡಿಗೂ ಅವಳೇ ಗೊಬ್ಬರ ಹೊತ್ತಿದ್ದು. ಕೊನೆಗೆ, "ನಾಳೆ ಭಾನುವಾರ. ಎಲ್ಲ ಮನೇಲೇ ಇರ್ತಾರೆ. ನಾಲ್ಕು ಗಂಟೆಗೆ ಅಂತ ಹೇಳಿ ಕಳಿಸ್ಲಾ?" ಎಂದಳು.

ಜೂನ್ 9, ಭಾನುವಾರ.

ಭವನದಲ್ಲಿ ಹೇಳಿದೆ. ನಾನು ತಪ್ಪು ಮಾಡಿದೆ ಎಂದು ಶುರು ಮಾಡಲು ಬಾಯಿ ಬರಲಿಲ್ಲ. ಒಂದು ಊರಿನಲ್ಲಿ ಒಬ್ಬ ರೈಟರಿದ್ದ, ಮೂಲೆ ಗಿಡವನ್ನು ಒಂದೇ ಸಲ ಎಣಿಸುತ್ತಿದ್ದ ಎಂದು ಕಥೆಯ ಹಾಗೆ ಹೇಳಿದೆ. ಮೊದಲು ನಕ್ಕರು. ರೈಟರು ಅರ್ಜಿ ಬರೆದಲ್ಲಿಗೆ ಬರುವಷ್ಟರಲ್ಲಿ ನಗು ನಿಂತಿತು. ಬಟ್ಟೆಯ ಚೌಕ ತೋರಿಸಿದೆ. ಮೂಲೆ ಕತ್ತರಿಸಿದರೆ ಏನೂ ಉಳಿಯುವುದಿಲ್ಲ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಒಬ್ಬೊಬ್ಬರನ್ನೇ ಕರೆದು ಗೆರೆ ಎಣಿಸಲು ಹೇಳಿದೆ. ಆಮೇಲೆ ನಾಲಿಗೆ ಅಳಿಸಿದೆ. ಅದನ್ನೂ ಎಣಿಸಿದರು.

ಶಾಂತವೀರಪ್ಪನವರು ಎದ್ದು ಬಂದು ಅಳಿಸಿದ ಜಾಗದ ಮೇಲೆ ಬೆರಳಿಟ್ಟರು. ಅದು ನಿಮ್ಮ ಕಾಫಿ ಅಲ್ಲವೇ ರೈಟರೇ ಎಂದರು. ಹೌದು ಎಂದೆ. ಬೇರೆ ದಾರಿ ಇಲ್ಲವೇ ಎಂದರು. ಎಂಟು ಹಾಳೆ ಹಾಳು ಮಾಡಿದ್ದೇನೆ, ಇಲ್ಲ ಎಂದೆ.

ನಿಯಾಜ್ ಬಾಗಿಲ ಹತ್ತಿರ ನಿಂತಿದ್ದ. ಅವನ ಕಡೆಗೆ ತಿರುಗಿ, ತಂತಿ ಒಂದು ಮೀಟರೂ ಕಡಿಮೆ ಇರಲಿಲ್ಲ, ಕಡಿಮೆಯಾಗಿದ್ದು ನನ್ನ ಎಣಿಕೆ ಎಂದೆ.

"ನನಗೆ ಗೊತ್ತು ಸಾರ್" ಎಂದ ನಿಯಾಜ್. "ಆ ಶನಿವಾರ ನೀವು ಟೇಪು ಹಿಡ್ದು ಅಳೆದ್ರಲ್ಲ, ನಾನು ಮೇಲೆ ಕಂಬದ ಹತ್ರ ಇದ್ದೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾಯ್ತಿದ್ದೆ."

ಎಂಟು ದಿನ. ಅಷ್ಟೂ ದಿನ ನಿಯಾಜ್ ನನಗೆ ದಾರಿಯಲ್ಲಿ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಿದ್ದರು.

ಎಲ್ಲರೂ ಚಹಾ ಕುಡಿಯದೆ ಎದ್ದು ಹೋದರು. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು.

ಜೂನ್ 10, ಸೋಮವಾರ.

ನಾಲಿಗೆಯ ಕಂಬ ಕೀಳಲು ಯಾರೂ ಬರುವುದಿಲ್ಲ ಎಂದುಕೊಂಡು ಆರು ಗಂಟೆಗೆ ಹಾರೆ ಹೊತ್ತು ಒಬ್ಬನೇ ಇಳಿದೆ. ನನಗಿಂತ ಮುಂಚೆ ಊರೇ ಅಲ್ಲಿತ್ತು. ನಿಯಾಜ್ ಆಗಲೇ ತುದಿಯ ತಂತಿ ಬಿಚ್ಚಿ ಸುತ್ತುತ್ತಿದ್ದರು. ಕಿತ್ತ ಕಂಬಗಳನ್ನು ಜಿಕ್ರಾ ಮತ್ತು ಅವಳ ತಾಯಿ ಒಂದೊಂದಾಗಿ ಮೇಲಕ್ಕೆ ಸಾಗಿಸುತ್ತಿದ್ದರು. ನನ್ನ ಕಡೆಗೆ ಯಾರೂ ನೋಡಲಿಲ್ಲ. ನಾನೂ ಹಾರೆ ಹಾಕಿದೆ.

ನಾಲಿಗೆಯೊಳಗೆ ಎರಡು ಹಲಸಿನ ಮರ ಇವೆ, ಹಳೆಯ ಎಸ್ಟೇಟಿನ ಕಾಲದವು. ಈ ವರ್ಷ ಬುಡದಿಂದ ತುದಿಯವರೆಗೆ ಕಾಯಿ. ಉಳಿದವರೆಲ್ಲ ಅದರ ಸುತ್ತ ಸೇರಿದ್ದರು. ಗೋಣಿಚೀಲ ಹಾಸಿ, ಕತ್ತಿ ಕಟ್ಟಿದ ದೋಟಿಯಿಂದ ಹಣ್ಣು, ಕಾಯಿ, ಮಿಡಿ, ಏನನ್ನೂ ಬಿಡದೆ ಇಳಿಸುತ್ತಿದ್ದರು. ತಲೆಹೊರೆಯಲ್ಲಿ ಬೇಲಿಯೊಳಗೆ ಸಾಗಿಸುತ್ತಿದ್ದರು. ಮರದಲ್ಲಿ ಹಲಸು ಇಲ್ಲದಿದ್ದರೆ ಆನೆಗೆ ಈ ತುಂಡಿನಲ್ಲಿ ಏನು ಕೆಲಸ? ಮೂವತ್ತೊಂದು ವರ್ಷದ ಲೆಕ್ಕಿಗನಿಗೆ ಇದು ಹೊಳೆದಿರಲಿಲ್ಲ.

ಒಂದು ಹಣ್ಣು ತುದಿಯ ಕೊಂಬೆಯಲ್ಲಿ ಉಳಿದುಬಿಟ್ಟಿತು. ದೋಟಿ ಎಟುಕಲಿಲ್ಲ. ಶಾಂತವೀರಪ್ಪನವರು ಪಂಚೆ ಎತ್ತಿಕಟ್ಟಿ, ನಿಯಾಜರ ಏಣಿಯನ್ನು ಮರಕ್ಕೆ ಒರಗಿಸಿದರು. ನೆಲವೆಲ್ಲ ಕೆಸರು, ಏಣಿ ಜಾರಿತು. ತಂತಿ ಸುತ್ತುತ್ತಿದ್ದ ನಿಯಾಜ್ ಸುರುಳಿ ಕೆಳಗಿಟ್ಟು ಬಂದು ಏಣಿಯ ಬುಡಕ್ಕೆ ಕಾಲು ಕೊಟ್ಟು ನಿಂತರು. ಅಧ್ಯಕ್ಷರು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಹತ್ತುವುದೋ ಬೇಡವೋ ಎನ್ನುವ ಹಾಗೆ ಕೆಳಗೆ ನೋಡಿದರು.

"ಹಿಡ್ದಿದೀನಿ ಸಾರ್, ಹತ್ತಿ" ಎಂದರು ನಿಯಾಜ್.

ಅವರು ಹತ್ತಿದರು.